ಸೃಷ್ಟಿವಾದ, ವಿಕಾಸವಾದ ಮತ್ತು ಶಾಲೆಯ ಪಾಠ

ಜೀವಜಾತಿಗಳು ದೀರ್ಘಕಾಲದಲ್ಲಿ ಒಂದರಿಂದೊಂದು ಕವಲೊಡೆದು ಬಂದುವೆಂದು ಹೇಳುವುದು ವಿಕಾಸವಾದ. ಅವುಗಳನ್ನು ಈಶ್ವರನು ಈಗಿರುವ ರೂಪಗಳಲ್ಲಿಯೇ ನಿರ್ಮಿಸಿದನೆಂದು ಹೇಳುವುದು ಸೃಷ್ಟಿವಾದ. ಈ ಎರಡನ್ನೂ ಶಾಲೆಗಳಲ್ಲಿ ಸರಿಸಮನಾಗಿ ಬೋಧಿಸಬೇಕೆ, ಬೇಡವೆ ಎಂಬ ವಿವಾದವು ಅಮೇರಿಕಾ ದೇಶದಲ್ಲಿ ನೂರು ವರ್ಷಗಳಿಂದ ನಡೆದುಬಂದಿದೆ. ದೂರದೇಶದ ವ್ಯಾಜ್ಯವು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿಯೂ ಅದರ ಮೊಳಕೆ ಕಾಣಿಸಿಕೊಂಡಿರುವುದು ಒಂದು ಕಾರಣ. ಈ ವಿಷಯದಲ್ಲಿ ಒಬ್ಬ ವಿದ್ಯಾರ್ಥಿಗೆ ನಾನು ಕೊಡಬೇಕಾಗಿದ್ದ ಉತ್ತರವೊಂದು ಇಪ್ಪತ್ತೈದು ವರ್ಷಗಳಿಂದ ಬಾಕಿ ಉಳಿದಿರುವುದು ಇನ್ನೊಂದು ಕಾರಣ. ಮೊದಲು ಆ ದೇಶದ ವೃತ್ತಾಂತವನ್ನು ಸಂಗ್ರಹವಾಗಿ ಹೇಳಿ, ಬಳಿಕ ನಮ್ಮ ಕಡೆಗೆ ಬರುತ್ತೇನೆ.

1925ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಅಮೇರಿಕೆಯ ಟೆನೆಸ್ಸೀ ಸಂಸ್ಥಾನವು ಒಂದು ಕಾನೂನನ್ನು ಮಾಡಿತು. ಬೈಬಲಿನಲ್ಲಿ ಹೇಳಿರುವ ಮನುಷ್ಯಸೃಷ್ಟಿಯನ್ನು ಅಲ್ಲಗಳೆದು, ಮನುಷ್ಯನು ಕೀಳು ಪ್ರಾಣಿಗಳ ಸಂತತಿಯವನೆಂದು ಸರಕಾರಿ ಶಾಲೆಗಳಲ್ಲಿ ಬೋಧಿಸುವುದು ಅದರ ಪ್ರಕಾರ ಅಪರಾಧ. ಡೇಟನ್ ಎಂಬ ಸಣ್ಣ ಊರಿನ ಜಾನ್ ಸ್ಕೋಪ್ಸ್ ಎಂಬ 24 ವರ್ಷದ ಉಪಾಧ್ಯಾಯನು ಆ ಕಾನೂನನ್ನು ಪರೀಕ್ಷೆಗೆ ಗುರಿಪಡಿಸುವ ಸಲುವಾಗಿ ತಾನಾಗಿಯೇ ಆಪಾದನೆಗೆ ಒಳಗಾದನು. ಅದೇ ವರ್ಷದ ಜುಲೈ ತಿಂಗಳಲ್ಲಿ ವಿಚಾರಣೆ ನಡೆಯಿತು. ಸರಕಾರದ ಪಕ್ಷದಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯನ್, ಉಪಾಧ್ಯಾಯನ ಪಕ್ಷದಲ್ಲಿ ಕ್ಲಾರೆನ್ಸ್ ಡ್ಯಾರೋ ನಿಂತು ವಾದಿಸಿದರು. ಸ್ಕೋಪ್ಸನಿಗೆ 100 ಡಾಲರು ದಂಡವಾಯಿತು. ದಂಡವನ್ನು ಜ್ಯೂರಿಯವರು ನಿಶ್ಚಯಿಸದೆ ನ್ಯಾಯಾಧೀಶರು ನಿಶ್ಚಯಿಸಿದರೆಂಬ ತಾಂತ್ರಿಕ ಕಾರಣದಿಂದ 1927ರಲ್ಲಿ ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನು ರದ್ದುಮಾಡಿತು. ಕಾನೂನು ಮಾತ್ರ 1967ರವರೆಗೂ ಉಳಿದಿತ್ತು. ಇದರಲ್ಲಿ ವಿನೋದವೆಂದರೆ, ಯಾವ ಪುಸ್ತಕದ ಪಾಠಕ್ಕಾಗಿ ಉಪಾಧ್ಯಾಯನು ಅಪರಾಧಿಯಾದನೋ ಆ ಪುಸ್ತಕವನ್ನು ಶಾಲೆಗಳಿಗೆ ಗೊತ್ತುಮಾಡಿದ್ದು ಆ ಸಂಸ್ಥಾನವೇ.

1968ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆರ್ಕನ್ಸಾ ಸಂಸ್ಥಾನದ ಅಂತಹುದೇ ಕಾನೂನೊಂದನ್ನು ತೆಗೆದುಹಾಕಿತು. ಸರಕಾರವು ಯಾವ ಮತವನ್ನೂ ಸ್ಥಾಪಿಸಕೂಡದೆಂಬುದು ಅಲ್ಲಿಯ ರಾಜ್ಯಾಂಗದ ನಿಯಮ. ಹೀಗೆ ನಿಷೇಧದ ದಾರಿ ಮುಚ್ಚಿಹೋಗಲು, ಸಮಾನತೆಯ ದಾರಿ ತೆರೆಯಿತು. ‘ವಿಕಾಸವನ್ನು ಕಲಿಸಬೇಡಿರೆಂದು ನಾವು ಹೇಳುವುದಿಲ್ಲ, ಅದನ್ನು ಕಲಿಸಿದರೆ ಸೃಷ್ಟಿವಿಜ್ಞಾನವನ್ನೂ ಸಮವಾಗಿ ಕಲಿಸಿರಿ’ ಎಂದು 1981ರಲ್ಲಿ ಆರ್ಕನ್ಸಾ, ಲೂಯಿಸಿಯಾನಾ ಸಂಸ್ಥಾನಗಳು ಕಾನೂನು ಮಾಡಿದುವು. ಮೊದಲನೆಯದು 1982ರಲ್ಲಿ ಬಿದ್ದಿತು. ಎರಡನೆಯದನ್ನು 1987ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಕೂಡಿ ತಳ್ಳಿಹಾಕಿದರು. ಆಮೇಲೆ ಅದೇ ಪಕ್ಷವು ಈಶ್ವರನ ಹೆಸರನ್ನು ಬಿಟ್ಟು, ಜೀವಿಗಳ ರಚನೆಯ ಹಿಂದೆ ಒಂದು ಬುದ್ಧಿಯುಂಟೆಂದಷ್ಟೇ ಹೇಳುತ್ತ ಹೊಸ ವೇಷದಲ್ಲಿ ಬಂದಿತು. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾಮಂಡಳಿಯು, ಈ ಪಕ್ಷವನ್ನು ತಿಳಿಸುವ ಒಂದು ಹೇಳಿಕೆಯನ್ನು ಜೀವಶಾಸ್ತ್ರದ ತರಗತಿಯಲ್ಲಿ ಓದತಕ್ಕದ್ದೆಂದು ಆಜ್ಞೆ ಮಾಡಿತು. ವಿಜ್ಞಾನದ ಉಪಾಧ್ಯಾಯರು ಅದು ತಮ್ಮ ವೃತ್ತಿಧರ್ಮಕ್ಕೆ ವಿರುದ್ಧವೆಂದು ಓದಲು ಒಪ್ಪಲಿಲ್ಲ. ಅಧಿಕಾರಿಗಳೇ ತರಗತಿಗೆ ಬಂದು ಓದಿದರು. ಮಕ್ಕಳ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. ವಿಚಾರಣೆಯಲ್ಲಿ, ಆ ಹೇಳಿಕೆಯು ಹೆಸರಿಸಿದ್ದ ಪುಸ್ತಕದ ಹಳೆಯ ಕರಡುಗಳು ಹೊರಬಂದುವು. 1987ಕ್ಕೆ ಮೊದಲು ‘ಸೃಷ್ಟಿವಾದಿಗಳು’ ಎಂದಿದ್ದ ಕಡೆಗಳಲ್ಲಿ ಆ ಬಳಿಕ ‘ರಚನಾವಾದಿಗಳು’ ಎಂಬ ಅರ್ಥದ ಶಬ್ದವನ್ನು ತುಂಬಿದ್ದರು. ಒಂದೆಡೆ ಅವಸರದಿಂದ ಹಳೆಯ ಶಬ್ದದ ತಲೆಯೂ ಬಾಲವೂ ಅಳಿಯದೆ, ಹೊಸ ಶಬ್ದದ ಎರಡು ಕಡೆಗೂ ಅಂಟಿಕೊಂಡು ಉಳಿದಿತ್ತು. 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸರು, ಇದು ವಿಜ್ಞಾನವಲ್ಲ, ಹೆಸರು ಬದಲಿಸಿದ ಸೃಷ್ಟಿವಾದವೇ ಎಂದು ತೀರ್ಪಿತ್ತರು.

ಇನ್ನು ನಮ್ಮ ಕಡೆ. 2018ರ ಜನವರಿಯಲ್ಲಿ ಕೇಂದ್ರ ಸರಕಾರದ ಶಿಕ್ಷಣಖಾತೆಯ ರಾಜ್ಯಮಂತ್ರಿಗಳೊಬ್ಬರು, ಕಪಿಯು ಮನುಷ್ಯನಾದುದನ್ನು ಯಾರೂ ಕಂಡಿಲ್ಲವಾದುದರಿಂದ ಡಾರ್ವಿನ್ನನ ಮತವನ್ನು ಶಾಲೆಗಳಿಂದ ತೆಗೆಯಬೇಕೆಂದರು. ಸರ್ ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಪರಿಷತ್ತುಗಳು ಒಟ್ಟಾಗಿ ಅದನ್ನು ವಿರೋಧಿಸಿದುವು. 2023ರಲ್ಲಿ ಎನ್.ಸಿ.ಇ.ಆರ್.ಟಿ. ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯವು ‘ಅನುವಂಶೀಯತೆ’ ಎಂದಷ್ಟೇ ಅಚ್ಚಾಯಿತು. ಪಾಠದ ಭಾರವನ್ನು ಇಳಿಸಿದೆವೆಂಬುದು ಮಂಡಳಿಯವರ ಸಮಾಧಾನ. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಷಯವು ಉಳಿದಿತ್ತು. ಆದರೆ ಹತ್ತರ ಮೇಲೆ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ಮಕ್ಕಳಿಗೆ ಅದು ದಕ್ಕುವುದಿಲ್ಲ. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಈ ಕ್ರಮವನ್ನು ಆಕ್ಷೇಪಿಸಿ ಬಹಿರಂಗ ಪತ್ರಕ್ಕೆ ಸಹಿಹಾಕಿದರು.

ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲ. ಆದುದರಿಂದ ‘ಎರಡನ್ನೂ ಕಲಿಸಿರಿ’ ಎನ್ನುವವರ ಮಾತನ್ನು ಅದರ ಪೂರ್ಣಬಲದೊಡನೆ ಮುಂದಿಡುತ್ತೇನೆ. ಒಂದು ಪಕ್ಷವನ್ನು ಮಾತ್ರ ಕೇಳಿಸಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವೆ? ಮಗುವಿಗೆ ಎರಡನ್ನೂ ತೋರಿಸಿ ಅದರ ಬುದ್ಧಿಗೇ ಬಿಡುವುದು ಉದಾರವಾದ ಶಿಕ್ಷಣವಲ್ಲವೆ? ವಿಕಾಸವು ‘ವಾದ’ವೆಂದು ಅದರ ಹೆಸರೇ ಹೇಳುತ್ತಿರಲು, ಸಿದ್ಧವಾಗದ ವಾದಕ್ಕೆ ಪ್ರತಿವಾದವಿರಬೇಡವೆ? ತೆರಿಗೆ ಕೊಡುವ ತಂದೆತಾಯಿಗಳ ಶ್ರದ್ಧೆಗೆ ಶಾಲೆಯಲ್ಲಿ ಜಾಗವಿಲ್ಲವೆ? ಕೊನೆಯದಾಗಿ, ನೀನು ಪಶುವಿನ ಸಂತತಿಯವನೆಂದು ಕಲಿತ ಮಗು ಪಶುವಿನಂತೆ ನಡೆದುಕೊಂಡರೆ ಹೊಣೆ ಯಾರು? ಇವು ಯಾವುವೂ ನಕ್ಕು ತಳ್ಳಿಬಿಡತಕ್ಕ ಪ್ರಶ್ನೆಗಳಲ್ಲ.

‘ವಾದ’ ಎಂಬ ಶಬ್ದದಿಂದಲೇ ಆರಂಭಿಸೋಣ. ನಮ್ಮ ನ್ಯಾಯಶಾಸ್ತ್ರದಲ್ಲಿ ಕಥೆಯು, ಎಂದರೆ ಚರ್ಚೆಯು, ಮೂರು ಬಗೆ: ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡ. ವಾದದಲ್ಲಿ ಇಬ್ಬರೂ ಪ್ರಮಾಣಕ್ಕೆ ತಲೆಬಾಗಬೇಕು. ಸೋತ ಪಕ್ಷವು ಸೋತೆನೆಂದು ಒಪ್ಪಬೇಕು. ಆದುದರಿಂದ ‘ವಾದ’ವೆಂಬುದು ಹೀನಾರ್ಥದ ಶಬ್ದವಲ್ಲ. ಆದರೆ ನ್ಯಾಯಾಲಯವು ಒಂದು ಹೆಸರನ್ನು ತಿರಸ್ಕರಿಸಿದೊಡನೆ ಮತ್ತೊಂದು ಹೆಸರಿನಿಂದ ಬರುವ ಪಕ್ಷ, ತನ್ನ ಸಾಧನೆಗೆ ಪ್ರಮಾಣವನ್ನು ತೋರದೆ ಎದುರು ಪಕ್ಷದ ಸಂದುಗಳನ್ನೇ ಎಣಿಸುವ ಪಕ್ಷ, ಇದು ಮೂರರಲ್ಲಿ ಯಾವುದೆಂದು ವಾಚಕರೇ ನಿರ್ಣಯಿಸಬಹುದು.

ವಿಕಾಸವಾದಕ್ಕೆ ಪ್ರಮಾಣವೇನು? ಯಾರೂ ಕಣ್ಣಾರೆ ಕಂಡಿಲ್ಲವೆಂಬುದು ಸತ್ಯ. ಆದರೆ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವವನೂ ಬೆಂಕಿಯನ್ನು ಕಂಡಿರುವುದಿಲ್ಲ. ಅನುಮಾನವು ಪ್ರಮಾಣವಲ್ಲವೆಂದರೆ ನಮ್ಮ ತರ್ಕಶಾಸ್ತ್ರವನ್ನೇ ಮುಚ್ಚಬೇಕು. ಒಳ್ಳೆಯ ಅನುಮಾನದ ಲಕ್ಷಣವೆಂದರೆ ಅದು ಪರೀಕ್ಷೆಗೆ ಕೊರಳೊಡ್ಡುವುದು. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಣ ರೂಪವು ಎಂತಹ ಶಿಲೆಗಳಲ್ಲಿ, ಎಷ್ಟು ಹಳೆಯ ಪದರದಲ್ಲಿ ಸಿಗಬೇಕೆಂದು ಕೆಲವು ವಿದ್ವಾಂಸರು ಮೊದಲೇ ಲೆಕ್ಕಹಾಕಿ, ಕೆನಡಾ ದೇಶದ ಉತ್ತರದ ಹಿಮದ್ವೀಪವೊಂದರಲ್ಲಿ ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಅದು ದೊರೆಯಿತು. ಅದಕ್ಕೆ ಟಿಕ್ಟಾಲಿಕ್ ಎಂದು ಹೆಸರಿಟ್ಟರು. ಸುಮಾರು 37 ಕೋಟಿ 50 ಲಕ್ಷ ವರ್ಷಗಳ ಹಿಂದಿನ ಆ ಪ್ರಾಣಿಗೆ ಮೀನಿನಂತೆ ಹುರುಪೆ, ಈಜುರೆಕ್ಕೆಗಳಿದ್ದುವು; ರೆಕ್ಕೆಯೊಳಗೆ ಮಣಿಕಟ್ಟಿನಂತಹ ಎಲುಬುಗಳೂ, ತಿರುಗಿಸಬಲ್ಲ ಕತ್ತೂ ಇದ್ದುವು. ಇನ್ನೊಂದು ನಿದರ್ಶನ: ಮನುಷ್ಯನ ಜೀವಕೋಶದಲ್ಲಿ ವರ್ಣತಂತುಗಳು 23 ಜೊತೆ, ಚಿಂಪಾಂಜಿ, ಗೊರಿಲ್ಲಾಗಳಲ್ಲಿ 24 ಜೊತೆ. ಪೂರ್ವಜನು ಒಬ್ಬನೇ ಆಗಿದ್ದರೆ ನಮ್ಮಲ್ಲಿ ಎರಡು ತಂತುಗಳು ಎಲ್ಲಿಯೋ ಕೂಡಿಕೊಂಡಿರಬೇಕು. ನೋಡಲಾಗಿ, ನಮ್ಮ ಎರಡನೆಯ ತಂತುವಿನ ನಡುವೆ, ತುದಿಯಲ್ಲಿ ಮಾತ್ರ ಇರಬೇಕಾದ ಗುರುತುಗಳು ಎರಡು ಹಗ್ಗಗಳ ಗಂಟಿನಂತೆ ಸಿಕ್ಕಿದುವು.

‘ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೆ ಕರ್ತನಿರಬೇಕು’ ಎಂಬುದು ನಮ್ಮ ನೈಯಾಯಿಕರ ಪ್ರಸಿದ್ಧವಾದ ಅನುಮಾನ. ಡೋವರಿನ ರಚನಾವಾದವೂ ಬಹುಮಟ್ಟಿಗೆ ಇದೇ. ಜಗತ್ತಿನ ವಿಷಯವಾಗಿ ಅದನ್ನು ಕುರಿತು ನಾನು ಇಲ್ಲಿ ಚರ್ಚಿಸುವುದಿಲ್ಲ. ಜೀವಜಾತಿಗಳ ವಿಷಯದಲ್ಲಿ ಮಾತ್ರ ದೃಷ್ಟಾಂತವು ಹೊಂದುವುದಿಲ್ಲ. ಗಡಿಗೆಯು ಮರಿಗಡಿಗೆಯನ್ನು ಹಡೆಯುವುದಿಲ್ಲ. ಜೀವಿಯು ಹಡೆಯುತ್ತದೆ, ಹಡೆದ ಮರಿಗಳೆಲ್ಲವೂ ಒಂದೇ ಬಗೆಯಾಗಿರುವುದಿಲ್ಲ, ಎಲ್ಲವೂ ಬದುಕಿ ಉಳಿಯುವುದೂ ಇಲ್ಲ. ಉಳಿದುವುಗಳ ಗುಣ ಮುಂದಿನ ಪೀಳಿಗೆಗೆ ಸಾಗುತ್ತದೆ. 1859ರಲ್ಲಿ ಡಾರ್ವಿನ್ನನು ಲೋಕಕ್ಕೆ ತೋರಿಸಿದ ವಿಷಯದ ತಿರುಳು ಇಷ್ಟೇ. ಇದು ಹಳೆಯ ಎಲುಬುಗಳ ಸಮಾಚಾರ ಮಾತ್ರವಲ್ಲ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗನು, ಔಷಧವನ್ನು ಸಾಲದಷ್ಟು ಕೊಟ್ಟರೆ ಅದಕ್ಕೆ ಮಣಿಯದ ಕ್ರಿಮಿಗಳು ಬೆಳೆಯುವುವೆಂದು 1945ರಲ್ಲಿಯೇ ಎಚ್ಚರಿಸಿದನು. ಇಂದು ಆಸ್ಪತ್ರೆಗಳಲ್ಲಿ ಅಂತಹ ಕ್ರಿಮಿಗಳೊಡನೆ ವೈದ್ಯರು ಸೆಣಸುತ್ತಿದ್ದಾರೆ. ಈ ಪಾಠವನ್ನು ಕಾಣದ ಮಗುವಿಗೆ ಆ ಅಪಾಯದ ಕಾರಣವೇ ತಿಳಿಯದು.

ಹಾಗಾದರೆ ಶ್ರದ್ಧೆಗೆ ಶಾಲೆಯಲ್ಲಿ ಜಾಗವಿಲ್ಲವೆ? ಇದಕ್ಕೆ ನಾನು ಓದಿದ ಸಂಸ್ಕೃತ ಪಾಠಶಾಲೆಯೇ ಉತ್ತರ. ಅಲ್ಲಿ ಜ್ಯೋತಿಷವನ್ನು ಹೇಳುತ್ತಿದ್ದ ವಿದ್ವಾಂಸರು ಗ್ರಹಣಗಣಿತವನ್ನು ಪಾಠಮಾಡುವಾಗ ಭೂಮಿಯ ನೆರಳಿನ ಅಳತೆಯನ್ನು ಹೇಳುವರು, ಚಂದ್ರಬಿಂಬದ ಅಳತೆಯನ್ನು ಹೇಳುವರು. ರಾಹುವಿನ ಬಾಯಿಯ ಅಳತೆಯನ್ನು ಒಂದು ದಿನವೂ ಹೇಳಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಗ್ರಹಣಕ್ಕೆ ರಾಹುವು ಕಾರಣನಲ್ಲವೆಂದು ಸ್ಪಷ್ಟವಾಗಿ ನಿರೂಪಿಸಿದ್ದಾನೆ. ಸ್ಮೃತಿಗೆ ವಿರೋಧ ಬರಬಾರದೆಂದು ಬ್ರಹ್ಮಗುಪ್ತನು ರಾಹುವನ್ನು ಆ ನೆರಳಿನೊಳಗೇ ಹೊಗಿಸಿದನು; ಆದರೂ ಅವನ ಲೆಕ್ಕವು ನೆರಳಿನ ಲೆಕ್ಕವೇ. ನಮ್ಮ ವಿದ್ವಾಂಸರು ಗ್ರಹಣದ ದಿನ ಸ್ಪರ್ಶಕಾಲದಲ್ಲಿ ಮಿಂದು, ಮೋಕ್ಷದವರೆಗೆ ಜಪಮಾಡಿ, ಸಂಜೆ ಪುರಾಣಪ್ರವಚನದಲ್ಲಿ ಅಮೃತಮಥನದ ಕಥೆಯನ್ನು ಕಣ್ಣೀರು ಬರುವಂತೆ ಹೇಳುತ್ತಿದ್ದರು. ಎರಡೂ ಪಾಠಗಳು ನಮಗಾದುವು. ಆದರೆ ಗಣಿತದ ಗಳಿಗೆಯಲ್ಲಿ ನಿಂತು, ‘ಕೆಲವರು ನೆರಳೆನ್ನುತ್ತಾರೆ, ಕೆಲವರು ರಾಹುವೆನ್ನುತ್ತಾರೆ, ನಿಮಗೆ ಬೇಕಾದುದನ್ನು ಆರಿಸಿಕೊಳ್ಳಿರಿ’ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಗಣಿತವೂ ಕೆಡುತ್ತಿತ್ತು, ಪುರಾಣವೂ ಕೆಡುತ್ತಿತ್ತು.

ಒಂದೊಂದು ಪ್ರಮಾಣಕ್ಕೂ ಒಂದೊಂದು ವಿಷಯವೆಂಬುದು ನಮ್ಮ ಪೂರ್ವಿಕರ ನಿಶ್ಚಯ. ಬೇರೆ ಪ್ರಮಾಣಗಳಿಂದ ತಿಳಿಯಬಾರದುದನ್ನು ತಿಳಿಸುವುದೇ ವೇದದ ಪ್ರಯೋಜನವೆಂದು ಮೀಮಾಂಸಕರು ಹೇಳಿದರು. ಪ್ರತ್ಯಕ್ಷಕ್ಕೆ ವಿರುದ್ಧವಾದ ವಿಷಯದಲ್ಲಿ ಶ್ರುತಿಯು ಪ್ರಮಾಣವಾಗದೆಂದು ಗೀತಾಭಾಷ್ಯದಲ್ಲಿ ಶಂಕರರು ಒಪ್ಪಿದ್ದಾರೆ. ಉಪನಿಷತ್ತುಗಳ ಸೃಷ್ಟಿಪ್ರಕರಣಗಳ ತಾತ್ಪರ್ಯವು ಸೃಷ್ಟಿಯ ವಿವರದಲ್ಲಿಲ್ಲ, ಬ್ರಹ್ಮದ ಏಕತ್ವದಲ್ಲಿದೆಯೆಂಬುದು ಗೌಡಪಾದರ ಮತ. ಕ್ರೈಸ್ತರಲ್ಲಿಯೂ 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ವಿಕಾಸವಾದವನ್ನು ಬರಿಯ ಊಹೆಗಿಂತ ಮಿಗಿಲಾದುದೆಂದು ಒಪ್ಪಿಕೊಂಡರು. ಧರ್ಮಗ್ರಂಥವನ್ನು ಜೀವಶಾಸ್ತ್ರದ ಪಠ್ಯಪುಸ್ತಕವೆಂದು ಭಾವಿಸುವುದು ಗ್ರಂಥಕ್ಕೆ ಗೌರವವಲ್ಲ.

ಮತ್ತೂ ಒಂದು ತೊಡಕುಂಟು. ‘ಎರಡನ್ನೂ’ ಎನ್ನುವವರು ಸೃಷ್ಟಿವಾದವು ಒಂದೇ ಎಂದು ತಿಳಿದಿದ್ದಾರೆ. ನಮ್ಮ ಒಂದು ತರಗತಿಯ ಮಕ್ಕಳ ಮನೆಗಳಲ್ಲಿಯೇ ಎಷ್ಟು ಸೃಷ್ಟಿಕಥೆಗಳಿವೆ! ವಿರಾಟ್ಪುರುಷನಿಂದ, ಹಿರಣ್ಯಗರ್ಭನಿಂದ, ಪ್ರಕೃತಿಯಿಂದ, ಅಲ್ಲಾಹನ ಆಜ್ಞೆಯಿಂದ, ಆರು ದಿನಗಳ ದೇವಕಾರ್ಯದಿಂದ. ಸೃಷ್ಟಿಯೇ ಇಲ್ಲವೆನ್ನುವವರೂ ಉಂಟು. ಜಗತ್ತಿಗೆ ಆದಿಯಾದ ಸೃಷ್ಟಿಯೊಂದನ್ನು ಕುಮಾರಿಲಭಟ್ಟರು ಒಪ್ಪಲಿಲ್ಲ. ಯಾವ ಜಿನಸೇನಾಚಾರ್ಯರ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ನಮ್ಮ ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದನೋ, ಆ ಆಚಾರ್ಯರು ಜಗತ್ತಿಗೆ ಕರ್ತನಿಲ್ಲವೆಂದು ವಾದಿಸಿದ್ದಾರೆ. ಇವುಗಳಲ್ಲಿ ಯಾವುದಕ್ಕೆ ವಿಜ್ಞಾನದ ತರಗತಿಯಲ್ಲಿ ಪೀಠ? ಒಂದಕ್ಕೆ ಕೊಟ್ಟರೆ ಉಳಿದವರಿಗೆ ಅನ್ಯಾಯ. ಎಲ್ಲಕ್ಕೂ ಕೊಟ್ಟರೆ ವಿಜ್ಞಾನಕ್ಕೆ ವೇಳೆ ಉಳಿಯದು.

ಮಗುವಿನ ನಡತೆಯ ಭಯವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಬ್ರಯನ್ನನ ಮನಸ್ಸನ್ನು ಕೊರೆದ ಭಯವೂ ಅದೇ. ಅದು ನಿರಾಧಾರವೂ ಆಗಿರಲಿಲ್ಲ. ಸ್ಕೋಪ್ಸನ ಶಾಲೆಯ ಆ ಪುಸ್ತಕವೇ ಮನುಷ್ಯಕುಲಗಳಲ್ಲಿ ಮೇಲುಕೀಳುಗಳನ್ನು ಎಣಿಸಿ, ಬಿಳಿಯರನ್ನು ತುದಿಯಲ್ಲಿ ಕೂರಿಸಿತ್ತು. ಅದು ವಿಜ್ಞಾನದ ಹೆಸರಿನಲ್ಲಿ ನಡೆದ ಅಪಚಾರ. ಆದರೆ ಅದಕ್ಕೆ ಮದ್ದು, ಆ ತಪ್ಪನ್ನು ಉತ್ತಮವಾದ ವಿಜ್ಞಾನದಿಂದ ತಿದ್ದುವುದೇ ಹೊರತು, ಪಾಠವನ್ನು ಕಿತ್ತುಹಾಕುವುದಲ್ಲ. ಹುಟ್ಟು ಹೇಗಾಯಿತೆಂಬುದು ಒಂದು ಪ್ರಶ್ನೆ; ಬಾಳು ಹೇಗಿರಬೇಕೆಂಬುದು ಮತ್ತೊಂದು. ಕಮಲವು ಕೆಸರಿನಲ್ಲಿ ಹುಟ್ಟಿತೆಂದು ತಿಳಿದವನು ಅದನ್ನು ದೇವರ ತಲೆಯಿಂದ ಕೆಳಗಿಳಿಸುವುದಿಲ್ಲ. ಸಕಲ ಜೀವಿಗಳೂ ನಮ್ಮ ದೂರದ ದಾಯಾದಿಗಳೆಂದು ತಿಳಿದ ಮಗುವಿನಲ್ಲಿ ಭೂತದಯೆ ಹೆಚ್ಚಲೂಬಹುದು.

ಈಗ ನನ್ನ ಬಾಕಿಯ ವಿಷಯ. ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆ. ಒಂದು ದಿನ ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ ಮುಖ್ಯೋಪಾಧ್ಯಾಯರು ನನ್ನನ್ನು ಅವರ ತರಗತಿಗೆ ಕಳುಹಿಸಿದರು. ಮಕ್ಕಳು ತೆರೆದಿಟ್ಟಿದ್ದುದು ಜೀವವಿಕಾಸದ ಪಾಠ. ನನಗೆ ಅದು ತಿಳಿಯದು. ತಿಳಿಯದೆಂದು ಹೇಳಲು ಅಭಿಮಾನ ಬಿಡಲಿಲ್ಲ. ‘ಇದೇನು ಹೊಸತು? ಎಲ್ಲವೂ ನಮ್ಮ ದಶಾವತಾರದಲ್ಲಿದೆ’ ಎಂದೆ. ನೀರಿನಲ್ಲಿ ಮತ್ಸ್ಯ, ನೀರು ನೆಲ ಎರಡಕ್ಕೂ ಕೂರ್ಮ, ನೆಲಕ್ಕೆ ವರಾಹ, ಅರ್ಧ ಮೃಗ ಅರ್ಧ ಮನುಷ್ಯನಾದ ನರಸಿಂಹ, ಗಿಡ್ಡ ಮನುಷ್ಯನಾದ ವಾಮನ, ಎಂದು ಬೆರಳು ಮಡಿಸುತ್ತ ಹೇಳಿದೆ. ನಮ್ಮ ಕಲ್ಪವು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ. ನೋಡಿರಿ, ಎಷ್ಟು ಹತ್ತಿರ ಎಂದೂ ಸೇರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತು, “ಸಾರ್, ಹಾಗಾದ್ರೆ ಹಕ್ಕಿ ಯಾವ ಅವತಾರ? ಪರಶುರಾಮನಿಂದ ರಾಮ ಬಂದ ಅನ್ನೋದಾದ್ರೆ, ಇಬ್ಬರೂ ದಾರೀಲಿ ಎದುರುಬದುರು ನಿಂತದ್ದು ಹೇಗೆ ಸಾರ್?” ಎಂದು ಕೇಳಿದನು.

ತರಗತಿ ನಕ್ಕಿತು. ನಾನು, “ಅಧಿಕಪ್ರಸಂಗ ಬೇಡ, ಕೂತ್ಕೋ” ಎಂದೆ. ಅವನು ಕುಳಿತನು. ಆ ವರ್ಷವೆಲ್ಲ ನನ್ನ ಸಂಸ್ಕೃತದ ತರಗತಿಯಲ್ಲಿಯೂ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನ ಎರಡನೆಯ ಪ್ರಶ್ನೆಗೆ ವಿಜ್ಞಾನದಲ್ಲಿ ಸುಲಭವಾದ ಉತ್ತರವಿದೆ: ಹಳೆಯ ಜಾತಿಯೂ ಅದರಿಂದ ಕವಲೊಡೆದ ಹೊಸ ಜಾತಿಯೂ ಏಕಕಾಲದಲ್ಲಿ ಇರಬಹುದು. ಅದು ನನಗೆ ತಿಳಿದಿರಲಿಲ್ಲ. ಪುರಾಣದಲ್ಲಿಯೂ ಉತ್ತರವಿದೆ: ಅವತಾರವೆಂಬುದು ಧರ್ಮಗ್ಲಾನಿಯ ಕಾಲದಲ್ಲಿ ಭಗವಂತನು ಇಳಿದುಬರುವುದು, ಜಾತಿಯಿಂದ ಜಾತಿ ಮೇಲೇರುವುದಲ್ಲ. ಅದು ನನಗೆ ತಿಳಿದಿತ್ತು; ಚಪ್ಪಾಳೆಯ ಆಸೆಗೆ ಅದನ್ನು ಮರೆತೆ. ನಾನು ಆ ದಿನ ಎರಡನ್ನೂ ಒಂದೇ ಗಳಿಗೆಯಲ್ಲಿ ಕಲಿಸಿದೆ. ಆದುದರಿಂದಲೇ ಎರಡರಲ್ಲಿ ಒಂದನ್ನೂ ಕಲಿಸಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಪ್ರಶ್ನೆ ಕೇಳಬಾರದೆಂಬ ಮೂರನೆಯ ಪಾಠವೊಂದನ್ನು ಚೆನ್ನಾಗಿ ಕಲಿಸಿದೆ.

ಆದುದರಿಂದ ನನ್ನ ಸಿದ್ಧಾಂತವಿಷ್ಟು. ವಿಜ್ಞಾನದ ಗಳಿಗೆಯಲ್ಲಿ ವಿಕಾಸವನ್ನೇ ಕಲಿಸಬೇಕು, ಪ್ರಮಾಣಗಳೊಡನೆ ಕಲಿಸಬೇಕು, ಮೊದಲ ಜೀವವು ಹೇಗೆ ಉಂಟಾಯಿತೆಂಬಂತಹ, ಇನ್ನೂ ಬಗೆಹರಿಯದ ಸಂಗತಿಗಳನ್ನು ಬಗೆಹರಿದಿಲ್ಲವೆಂದೇ ಹೇಳಬೇಕು. ಹತ್ತನೆಯ ತರಗತಿಯೊಳಗಾಗಿ, ಎಲ್ಲ ಮಕ್ಕಳಿಗೂ ಅದು ದೊರೆಯಬೇಕು. ಸೃಷ್ಟಿಯ ಕಥೆಗಳನ್ನು ಭಾಷೆಯ, ಚರಿತ್ರೆಯ, ತತ್ತ್ವವಿಚಾರದ ಪಾಠಗಳಲ್ಲಿ, ನಾಸದೀಯಸೂಕ್ತದಿಂದ ಮೊದಲ್ಗೊಂಡು ಬೈಬಲಿನವರೆಗೆ, ಗೌರವದಿಂದ ಓದಿಸಬೇಕು. ‘ಹಾಗಾದರೆ ದೇವರಿಲ್ಲವೆ?’ ಎಂದು ವಿಜ್ಞಾನದ ಗಳಿಗೆಯಲ್ಲಿ ಮಗುವು ಕೇಳಿದರೆ, ‘ಆ ಪ್ರಶ್ನೆಗೆ ಈ ಶಾಸ್ತ್ರದಲ್ಲಿ ಸಾಧಕವೂ ಇಲ್ಲ, ಬಾಧಕವೂ ಇಲ್ಲ’ ಎಂದು ಹೇಳಬೇಕು. ಆದರೆ ಭೂಮಿಯ ವಯಸ್ಸು ಆರು ಸಾವಿರ ವರ್ಷವೆ ಎಂದು ಕೇಳಿದರೆ, ಅಲ್ಲವೆಂದು ಸ್ಪಷ್ಟವಾಗಿ ಹೇಳಬೇಕು; ಅಲ್ಲಿ ದಾಕ್ಷಿಣ್ಯವು ಸುಳ್ಳಿಗೆ ಸಮಾನ. ತನಗೆ ತಿಳಿಯದುದನ್ನು ಕೇಳಿದರೆ ತಿಳಿಯದೆನ್ನಬೇಕು. ಈ ಕೊನೆಯದು ಉಪಾಧ್ಯಾಯನಿಗೆ ಎಲ್ಲಕ್ಕಿಂತ ಕಷ್ಟವಾದುದು. ನಾನು ಅನುಭವದಿಂದ ಬಲ್ಲೆ.

ಆ ಹುಡುಗನಿಗೆ ಈಗ ನಲವತ್ತು ವರ್ಷ ಸಮೀಪಿಸಿರಬೇಕು. ಅವನಿಗೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಈ ಸಂಚಿಕೆಯು ಅವನ ಕೈಗೆ ಬಿದ್ದರೆ, ಹಕ್ಕಿಯು ಯಾವ ಅವತಾರವೂ ಅಲ್ಲ. ಬಹುಕಾಲದ ಹಿಂದೆ ನೆಲದ ಮೇಲೆ ಓಡಾಡುತ್ತಿದ್ದ, ಗರಿಮೂಡಿದ ಸರೀಸೃಪಗಳ ಒಂದು ಕವಲು ಅದೆಂದು ತಿಳಿಯಲಿ. ಅಂದು ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು. ಕುಳಿತುಕೊಳ್ಳಬೇಕಾಗಿದ್ದವನು ನಾನು.